ಜಠರದ ಕ್ಯಾನ್ಸರ್: ಮ್ಯುಟೇಶನ್ ಎಣಿಸಿ ಆಯುಷ್ಯ ಅಳೆಯಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಫೈಲು ಹಿಡಿದು ಶಿವಮೊಗ್ಗಕ್ಕೆ ಬರುವವರು ಈಗೀಗ ಗಡ್ಡೆಯ ಮ್ಯುಟೇಶನ್‌ಗಳನ್ನು, ಅಂದರೆ ಜೀನುಗಳಲ್ಲಾದ ಬದಲಾವಣೆಗಳನ್ನು, ಪಟ್ಟಿ ಮಾಡಿದ ಜೀನ್ ರಿಪೋರ್ಟನ್ನೂ ತರುತ್ತಾರೆ. ಕೂರುವ ಮೊದಲೇ ಪ್ರಶ್ನೆ: "ಡಾಕ್ಟ್ರೇ, ಇಷ್ಟೊಂದು ಮ್ಯುಟೇಶನ್ ಬಂದಿದ್ಯಲ್ಲ, ಅಪ್ಪಯ್ಯಂಗೆ ಇನ್ನೆಷ್ಟು ತಿಂಗಳು?" ಸಂಖ್ಯೆ ಹೆಚ್ಚಿದಷ್ಟೂ ಆಯುಷ್ಯ ಕಡಿಮೆ ಎಂಬ ಈ ಲೆಕ್ಕವನ್ನು ದಯವಿಟ್ಟು ಬಿಡಿ. ಜಠರದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಅದು ತಿರುಗುಮುರುಗಾಗುತ್ತದೆ.

ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ತಪ್ಪುಗಳಾಗುವುದು ಸಹಜ. ಅವನ್ನು ತಿದ್ದುವ ಪ್ರೋಟೀನುಗಳಲ್ಲಿ ನಾವು ಮುಖ್ಯವಾಗಿ ನೋಡುವುದು ನಾಲ್ಕು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಇವು ಕೈಕೊಟ್ಟ ಗಡ್ಡೆಯಲ್ಲಿ ತಪ್ಪುಗಳು ರಾಶಿ ಬೀಳುತ್ತವೆ. ರಿಪೋರ್ಟಿನಲ್ಲಿ 'ಎಂಎಸ್‌ಐ-ಹೈ' ಎಂದು ಬರೆದಿರುತ್ತಾರೆ. ಇಷ್ಟು ತಪ್ಪುಗಳಿದ್ದರೆ ವಿಚಿತ್ರ ಪ್ರೋಟೀನುಗಳೂ ಹೆಚ್ಚು, ದೇಹದ ರೋಗನಿರೋಧಕ ಕೋಶಗಳಿಗೆ ಗಡ್ಡೆಯ ಗುರುತು ಸುಲಭವಾಗಿ ಸಿಗುತ್ತದೆ. ಹಾಗಾಗಿ ಆಪರೇಷನ್ ಆಗುವ ಹಂತದಲ್ಲಿ ಇಂಥವರು ಸರಾಸರಿ ಹೆಚ್ಚು ಕಾಲ ಬದುಕುತ್ತಾರೆ. ರೋಗ ಹರಡಿದವರಲ್ಲೂ ಇಮ್ಯುನೋಥೆರಪಿ (ಆ ರೋಗನಿರೋಧಕ ಕೋಶಗಳನ್ನೇ ಗಡ್ಡೆಯ ಮೇಲೆ ಬಿಡುವ ಚಿಕಿತ್ಸೆ) ಚೆನ್ನಾಗಿ ಹಿಡಿಯುವ ಸಾಧ್ಯತೆ ಹೆಚ್ಚು. ಜಠರದ ಗೋಡೆಯೊಳಗೆ ಚದುರಿ ಹಬ್ಬುವ ಡಿಫ್ಯೂಸ್ ಬಗೆಯಲ್ಲಿ ಮ್ಯುಟೇಶನ್ ಸಾಮಾನ್ಯವಾಗಿ ಕಡಿಮೆ, ಆದರೆ ನಮ್ಮನ್ನು ಹೆಚ್ಚು ಕಾಡಿಸುವುದು ಅದೇ. 2014ರಲ್ಲಿ ಪ್ರಕಟವಾದ ಟಿಸಿಜಿಎ (ಕ್ಯಾನ್ಸರ್ ಜೀನುಗಳನ್ನು ಓದುವ ಅಮೆರಿಕದ ದೊಡ್ಡ ಯೋಜನೆ) ಅಧ್ಯಯನ ಜಠರದ 295 ಗಡ್ಡೆಗಳನ್ನು ನಾಲ್ಕು ಗುಂಪು ಮಾಡಿತು, ಅವುಗಳಲ್ಲಿ ಶೇ. 22ರಷ್ಟು ಎಂಎಸ್‌ಐ ಗುಂಪಿನವು. ಹರಡಿದ ಹಂತದಲ್ಲಿ ಈ ಪ್ರಮಾಣ ಬಹಳ ಇಳಿಯುತ್ತದೆ.

ಹೀಗೆಂದು ಎಂಎಸ್‌ಐ ಬಂದ ಕೂಡಲೇ ಗೆದ್ದೆವು ಎನ್ನುವಂತಿಲ್ಲ. ರೋಗ ಎಷ್ಟು ಹರಡಿದೆ ಎಂಬುದೇ ಈಗಲೂ ದೊಡ್ಡ ಮಾತು.

ಜೀನ್ ಪರೀಕ್ಷೆಯ ಮುಖ್ಯ ಕೆಲಸ ಔಷಧ ಆರಿಸುವುದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಹಳದಿ ಎಲೆ ರೋಗಕ್ಕೆ ಹೊಡೆದು ಏನು ಬಂತು? ಹರಡಿದ ರೋಗದಲ್ಲಿ ಮೊದಲು ಬೇಕಾದವು ಗಡ್ಡೆಯ ಪ್ರೋಟೀನುಗಳನ್ನು ನೋಡುವ ನಾಲ್ಕು ಪರೀಕ್ಷೆ: ಹರ್2, ಎಂಎಂಆರ್ (ಮೇಲೆ ಹೇಳಿದ ತಿದ್ದುವ ಪ್ರೋಟೀನುಗಳು), ಪಿಡಿ-ಎಲ್1, ಕ್ಲಾಡಿನ್ 18.2. ನಾಲ್ಕನ್ನೂ ಬಯಾಪ್ಸಿ ಬ್ಲಾಕಿಗೆ (ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ತುಂಡು) ಬಣ್ಣ ಹಾಕಿಯೇ ನೋಡಬಹುದು. ನೂರಾರು ಜೀನುಗಳ ದುಬಾರಿ ಪ್ಯಾನೆಲ್ ಆಮೇಲೆ. ಬಣ್ಣದ ಅಂಕದಲ್ಲಿ ಹರ್2 3+ ಇದ್ದರೆ ಪಾಸಿಟಿವ್, 2+ ಆದರೆ ಆ ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಮಾಡಿಸಲೇಬೇಕು. 2010ರ ಟೋಗಾ ಪ್ರಯೋಗದಲ್ಲಿ ಹರ್2 ಪಾಸಿಟಿವ್ ರೋಗಿಗಳಿಗೆ ಕೀಮೋ ಜೊತೆ ಹರ್2 ಔಷಧ ಟ್ರಾಸ್ಟುಝುಮ್ಯಾಬ್ ಕೊಟ್ಟಾಗ ಬದುಕಿನ ಮಧ್ಯಾಂಕ 11.1 ತಿಂಗಳಿಂದ 13.8ಕ್ಕೆ ಏರಿತು. ಮನೆಯವರು ಕೆಂಪು ಅಕ್ಷರ ನೋಡಿ ಹೆದರುವ ಟಿಪಿ53 ಜೀನಿನ ಮ್ಯುಟೇಶನ್ ತೀರಾ ಸಾಮಾನ್ಯ. ಅದನ್ನು ನೋಡಿ ಇವತ್ತು ನಾವು ಔಷಧ ಬದಲಿಸುವುದಿಲ್ಲ.

ಎಡವುವುದು ಬಯಾಪ್ಸಿಯಲ್ಲಿ. ಹರ್2 ಗಡ್ಡೆಯ ಒಂದು ಕಡೆ ಇದ್ದು ಪಕ್ಕದಲ್ಲೇ ಇಲ್ಲದಿರಬಹುದು. ಎರಡೇ ಚೂರು ತೆಗೆದರೆ ಸುಳ್ಳು ನೆಗೆಟಿವ್ ಬರಬಹುದು. ಆರರಿಂದ ಎಂಟು ಬೇಕು. ಆ ಚೂರುಗಳು ಕೆಡದಂತೆ ಶೇ. 10ರ ಬಫರ್ಡ್ ಫಾರ್ಮಲಿನ್ ದ್ರಾವಣದಲ್ಲಿ 6ರಿಂದ 72 ಗಂಟೆ ಇರಬೇಕು. ರಿಪೋರ್ಟ್ ಬರಲಿ ಎಂದು ವಾರಗಟ್ಟಲೆ ಕೀಮೋ ತಡೆಯುವುದೂ ಬೇಡ. ಹರ್2 ಔಷಧವನ್ನು ಮುಂದಿನ ಸುತ್ತಿನಿಂದ ಸೇರಿಸಲು ಬರುತ್ತದೆ.

"ಮಗಳಿಗೂ ಬರತ್ತಾ?" ಎಂದು ಅಮ್ಮಂದಿರು ಕಣ್ಣೀರು ಹಾಕುವುದನ್ನು ನೋಡಲಾಗುವುದಿಲ್ಲ. ಗಡ್ಡೆಯಲ್ಲಿನ ಮ್ಯುಟೇಶನ್ ಬಹುಪಾಲು ಗಡ್ಡೆಯಲ್ಲೇ ಹುಟ್ಟಿದ್ದು, ಮಕ್ಕಳಿಗೆ ಹೋಗುವುದಿಲ್ಲ. 50 ವರ್ಷದೊಳಗೆ ಡಿಫ್ಯೂಸ್ ಬಗೆ ಬಂದಿದ್ದರೆ, ಇಲ್ಲವೇ ಮನೆತನದಲ್ಲಿ ಇಬ್ಬರು ಮೂವರಿಗೆ ಆಗಿದ್ದರೆ, ಸಿಡಿಎಚ್1 ಎಂಬ ಜೀನಿನ ರಕ್ತಪರೀಕ್ಷೆ ಮಾಡಿಸಿ. ಅದರ ಮ್ಯುಟೇಶನ್ ರಕ್ತದಲ್ಲೇ ಸಿಕ್ಕರೆ ಪ್ರತಿ ಮಗುವಿಗೂ ಹೋಗುವ ಸಾಧ್ಯತೆ ಶೇ. 50. ಬೇರೆ ಊರಿಗೆ ತೋರಿಸಲು ಹೊರಟರೆ ರಿಪೋರ್ಟಿನ ವಾಟ್ಸಾಪ್ ಫೋಟೊ ಸಾಲದು, ಲ್ಯಾಬಿನಿಂದ ಮೇಣದ ಬ್ಲಾಕನ್ನೇ ಕೇಳಿ ತೆಗೆದುಕೊಂಡು ಹೋಗಿ.