ತಾತ್ಕಾಲಿಕ ನಿರ್ಬಂಧಕಾಜ್ಞೆ: ಮೂರು ಪರೀಕ್ಷೆಗಳು ಪತ್ರಿಕೆಯ ವಿಷಯದಲ್ಲಿ ಏಕೆ ಸಾಲುವುದಿಲ್ಲ?

‘ಇಂಥದ್ದನ್ನು ಮಾಡಬೇಡ’ ಎಂದು ಕೋರ್ಟು ಪಕ್ಷಗಾರನನ್ನು ತಡೆಯುವ ಆಜ್ಞೆಯೇ ನಿರ್ಬಂಧಕಾಜ್ಞೆ. ಶಾಶ್ವತ ನಿರ್ಬಂಧಕಾಜ್ಞೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 38ನೆಯ ಕಲಮಿನಡಿ, ಪೂರ್ಣ ವಿಚಾರಣೆ ಮುಗಿದ ಮೇಲೆ ಡಿಕ್ರಿಯಾಗಿ, ಅಂದರೆ ಅಂತಿಮ ತೀರ್ಮಾನವಾಗಿ ದೊರೆಯುತ್ತದೆ. ದಾವೆ ತೀರ್ಮಾನವಾಗುವವರೆಗಿನ ತಾತ್ಕಾಲಿಕ ಆಜ್ಞೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಆದೇಶದ 1 ಮತ್ತು 2ನೆಯ ನಿಯಮಗಳಡಿ ಕೇಳಬೇಕು. ಅದಕ್ಕಾಗಿ ದಾವೆಯೊಂದಿಗೆ ಐ.ಎ. (ಮಧ್ಯಂತರ ಅರ್ಜಿ) ಮತ್ತು ಅಫಿಡವಿಟ್ (ಪ್ರಮಾಣಪತ್ರ) ಸಲ್ಲಿಸುತ್ತಾರೆ. ಆಜ್ಞೆಯನ್ನು ಯಾವಾಗ ಕೊಡಬಾರದೆಂಬುದು ಅಧಿನಿಯಮದ 41ನೆಯ ಕಲಮಿನಲ್ಲಿದೆ, ಅದನ್ನು ಒಮ್ಮೆ ಗಮನವಿಟ್ಟು ಓದಿಕೊಂಡರೆ ಸಾಕು.

ತಾತ್ಕಾಲಿಕ ಆಜ್ಞೆ ಕೊಡುವ ಮುನ್ನ ಕೋರ್ಟು ನೋಡುವ ಮೂರು ಪರೀಕ್ಷೆಗಳು ಕಾನೂನು ವಿದ್ಯಾರ್ಥಿಗಳೆಲ್ಲರಿಗೂ ಬಾಯಿಪಾಠವಾಗಿರುತ್ತವೆ: ಮೇಲ್ನೋಟಕ್ಕೆ ವಾದಿಯ ಪರ ಪ್ರಕರಣವಿರಬೇಕು, ಅನುಕೂಲ–ಅನನುಕೂಲದ ತೂಕ ಅವನ ಕಡೆಗಿರಬೇಕು, ಆಜ್ಞೆ ಕೊಡದಿದ್ದರೆ ಹಣದಿಂದ ತುಂಬಲಾಗದ ನಷ್ಟವಾಗಬೇಕು. 1992ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ದಲಪತ್ ಕುಮಾರ್ ತೀರ್ಪನ್ನು ಉತ್ತರದಲ್ಲಿ ಇದಕ್ಕೆ ಆಧಾರವಾಗಿ ಬರೆಯಬಹುದು. ನಿವೇಶನದ ತಕರಾರಿನಲ್ಲಿ ಈ ಮೂರೂ ಸಲೀಸಾಗಿ ಹೊಂದುತ್ತವೆ. ಪಕ್ಕದವನು ಗಡಿಕಲ್ಲು ಕಿತ್ತು ಪಾಯ ತೋಡಲು ಹೊರಟಿದ್ದರೆ, ವಾದಿ ಕ್ರಯಪತ್ರ, ಖಾತೆ, ಕಂದಾಯದ ರಸೀದಿ ತೋರಿಸುತ್ತಾನೆ, ಕೋರ್ಟು ದಾವೆ ತೀರ್ಮಾನವಾಗುವವರೆಗೆ ಕಟ್ಟಡ ನಿಲ್ಲಿಸುತ್ತದೆ. ಪ್ರತಿವಾದಿಯೇ ಕೊನೆಗೆ ಗೆದ್ದರೆ ಪಾಯ ತೋಡುವ ಕೆಲಸ ತಡವಾಗಿರುತ್ತದೆಯೇ ಹೊರತು ಅವನ ಹಕ್ಕು ಎಲ್ಲಿಯೂ ಹೋಗಿರುವುದಿಲ್ಲ.

ವ್ಯವಹಾರದ ಪ್ರಕರಣಗಳಲ್ಲಿ ಮುಖ್ಯವಾದದ್ದು ಅಧಿನಿಯಮದ 42ನೆಯ ಕಲಮು. ಒಪ್ಪಂದವನ್ನು ನೆರವೇರಿಸೆಂದು ಬಲವಂತಪಡಿಸಲಾಗದಿದ್ದರೂ, ಅದರಲ್ಲಿರುವ ‘ಇಂಥದ್ದನ್ನು ಮಾಡತಕ್ಕದ್ದಲ್ಲ’ ಎಂಬ ಷರತ್ತನ್ನು ಮುರಿಯದಂತೆ ತಡೆಯಬಹುದು. ಕೋಕಾ ಕೋಲಾ ಕಂಪನಿ ಮತ್ತು ಗುಜರಾತ್ ಬಾಟ್ಲಿಂಗ್ ನಡುವಿನ 1995ರ ತೀರ್ಪು ಇದಕ್ಕೆ ನೇರ ಉದಾಹರಣೆ: ಒಪ್ಪಂದ ಜಾರಿಯಲ್ಲಿರುವಷ್ಟು ಕಾಲ ಪ್ರತಿಸ್ಪರ್ಧಿಯ ಪಾನೀಯವನ್ನು ತಯಾರಿಸಬಾರದೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ನಿಜವಾದ ತೊಡಕು ಪತ್ರಿಕೆಯ ವಿಷಯದಲ್ಲಿ ಎದುರಾಗುತ್ತದೆ, ಹಾಗಾಗಿ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ತನ್ನ ಬಗ್ಗೆ ಸುಳ್ಳು ವರದಿ ಬಂದಿದೆ ಎನ್ನುವ ವಾದಿಗೆ ಮೂರೂ ಪರೀಕ್ಷೆಗಳನ್ನು ಹಾಗೆಯೇ ಅನ್ವಯಿಸಿ ನೋಡಿ. ವರದಿ ಮಾನಹಾನಿಕರವೆಂದು ಓದಿದೊಡನೆ ಅನ್ನಿಸುತ್ತದೆ, ಒಂದು ಪರೀಕ್ಷೆ ಮುಗಿಯಿತು. ಸುದ್ದಿ ಕೆಲವು ದಿನ ತಡವಾದರೆ ಪತ್ರಿಕೆಗೆ ಆಗುವ ನಷ್ಟ ಅಷ್ಟೇನೂ ಕಾಣುವುದಿಲ್ಲ, ಎರಡನೆಯದೂ ಮುಗಿಯಿತು. ಹೋದ ಮಾನವನ್ನು ಹಣ ತಂದುಕೊಡದು, ಮೂರನೆಯದೂ ಮುಗಿಯಿತು. ಹೀಗೆ ಲೆಕ್ಕ ಹಾಕಿದರೆ ದೂರು ತಂದವನೇ ಪ್ರತಿ ಸಲವೂ ಗೆಲ್ಲುತ್ತಾನೆ. ಪ್ರತಿ ಸಲವೂ ಒಂದೇ ಉತ್ತರ ಕೊಡುವ ಪರೀಕ್ಷೆಯನ್ನು ಪರೀಕ್ಷೆಯೆಂದು ಕರೆಯುವುದೇ ಕಷ್ಟ.

ಈ ಲೆಕ್ಕದಿಂದ ಬಿಟ್ಟುಹೋದದ್ದು ಪ್ರತಿವಾದಿಯ ಸಮರ್ಥನೆ. ವರದಿ ಮಾನಹಾನಿಕರವಾಗಿದ್ದೂ ಸತ್ಯವಾಗಿರಬಹುದು, ಮತ್ತು ಸಿವಿಲ್ ದಾವೆಯಲ್ಲಿ ಸತ್ಯವೇ ಪೂರ್ಣ ರಕ್ಷಣೆ. ಅದು ಸತ್ಯವೋ ಅಲ್ಲವೋ ಎಂಬುದು ಸಾಕ್ಷ್ಯ ನಡೆದ ಮೇಲಷ್ಟೇ ತಿಳಿಯುತ್ತದೆ. ಆದುದರಿಂದಲೇ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1891ರ ಬೊನಾರ್ಡ್ ಪ್ರಕರಣದಲ್ಲಿ, ಪ್ರಕಟಿಸಿದವನು ತನ್ನ ಮಾತನ್ನು ಸಮರ್ಥಿಸಿಕೊಳ್ಳುತ್ತೇನೆ ಎಂದಾಗ, ಆ ಸಮರ್ಥನೆ ನಿಲ್ಲಲಾರದೆಂಬುದು ಸ್ಪಷ್ಟವಾಗಿದ್ದರೆ ಮಾತ್ರ ಮಧ್ಯಂತರ ತಡೆ ಕೊಡಬೇಕೆಂದಿತು. ನಮ್ಮಲ್ಲಿ ಇದು ಖಚಿತವಾಗಿ ನೆಲೆಗೊಂಡದ್ದು ಸುದ್ದಿ ಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಅದರ ಲೇಖನದ ವಿರುದ್ಧ ದಾವೆ ಹೂಡಿದ ಝೀ ಕಂಪನಿಯ ನಡುವಿನ ಪ್ರಕರಣದಲ್ಲಿ. ದೆಹಲಿಯ ವಿಚಾರಣಾ ನ್ಯಾಯಾಲಯ 2024ರ ಮಾರ್ಚ್ 1ರಂದು ಲೇಖನವನ್ನು ತೆಗೆದುಹಾಕಲು ಆದೇಶಿಸಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಮಾರ್ಚ್ 22ರಂದು ಸುಪ್ರೀಂ ಕೋರ್ಟ್ ಎರಡನ್ನೂ ರದ್ದುಪಡಿಸಿ ಅರ್ಜಿಯನ್ನು ಹೊಸದಾಗಿ ಪರಿಶೀಲಿಸಲು ಕಳಿಸಿತು. ಮೂರು ಪರೀಕ್ಷೆಗಳ ಹೆಸರು ಹೇಳಿ ಮುಂದೆ ಹೋದರೆ ಸಾಲದು, ಅವು ಈ ಪ್ರಕರಣದ ಸಂಗತಿಗಳಿಗೆ ಹೇಗೆ ಹೊಂದುತ್ತವೆಂದು ಕಾರಣ ಕೊಡಬೇಕು ಎಂಬುದು ಪೀಠದ ಮುಖ್ಯ ಆಕ್ಷೇಪ. ವಿಚಾರಣೆಗೆ ಮುನ್ನವೇ ಪ್ರಕಟಣೆಯನ್ನು ತಡೆಯುವುದು ಆ ಬರಹಕ್ಕೆ ಮರಣದಂಡನೆ ವಿಧಿಸಿದಂತೆ ಎಂದೂ ಅದು ಹೇಳಿತು.

ಉತ್ತರ ಬರೆಯುವಾಗ ನಾನು ಅನುಸರಿಸುವ ಅಡ್ಡದಾರಿ ಒಂದೇ ಪ್ರಶ್ನೆಯದು: ಈಗ ಆಜ್ಞೆ ಕೊಟ್ಟರೆ ಮುಂದೆ ವಿಚಾರಣೆಯಲ್ಲಿ ತೀರ್ಮಾನಿಸಲು ಏನು ಉಳಿಯುತ್ತದೆ? ನಿವೇಶನದಲ್ಲಿ ಎಲ್ಲವೂ ಉಳಿಯುತ್ತದೆ. ಸುದ್ದಿಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಉಳಿಯುವುದು ಕಡಿಮೆಯಾದಷ್ಟೂ ವಾದಿಯಿಂದ ಬೇಡುವ ಪುರಾವೆಯ ಮಟ್ಟ ಏರಬೇಕು. ಬೆಂಗಳೂರಿನದೇ ಉದಾಹರಣೆ ಬೇಕೆಂದರೆ, 2019ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಅಭ್ಯರ್ಥಿಯೊಬ್ಬರ ಕೋರಿಕೆಯ ಮೇರೆಗೆ ಇಲ್ಲಿನ ಸಿವಿಲ್ ನ್ಯಾಯಾಲಯ ಅವರ ಬಗ್ಗೆ ಮಾನಹಾನಿಕರ ಸುದ್ದಿ ಪ್ರಕಟಿಸದಂತೆ 49 ಮಾಧ್ಯಮ ಸಂಸ್ಥೆಗಳ ವಿರುದ್ಧ ಕೊಟ್ಟ ಆಜ್ಞೆಯನ್ನು ನೆನೆಯಬಹುದು. ಮತದಾನ ಮುಗಿದ ಮೇಲೆ ಆ ದಾವೆಯಲ್ಲಿ ಯಾರು ಗೆದ್ದರೂ ಮತದಾರನಿಗೆ ಪ್ರಯೋಜನವಿಲ್ಲ. ಹೈಕೋರ್ಟ್ ಅದನ್ನು ಏಪ್ರಿಲ್‌ನಲ್ಲೇ ರದ್ದುಪಡಿಸಿತು.

ಎದುರಾಳಿಯ ಮಾತು ಕೇಳದೆ ಕೊಡುವ ಏಕಪಕ್ಷೀಯ ಆಜ್ಞೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎದುರಾಳಿಗೆ ನೋಟಿಸು ಕೊಡುವುದೇ 39ನೆಯ ಆದೇಶದ 3ನೆಯ ನಿಯಮದ ಸಾಮಾನ್ಯ ಕ್ರಮ. ಅದನ್ನು ಬಿಟ್ಟರೆ ನ್ಯಾಯಾಧೀಶರು ಕಾರಣ ದಾಖಲಿಸಬೇಕು. 3ಎ ನಿಯಮದ ಪ್ರಕಾರ ಅಂಥ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಲು ಕೋರ್ಟು ಪ್ರಯತ್ನಿಸಬೇಕು. ಆ ಗಡುವು ಮೀರಿದರೆ, ಅರ್ಜಿ ಬಾಕಿಯಿದ್ದರೂ ನೊಂದ ಪಕ್ಷಗಾರ ನೇರವಾಗಿ ಮೇಲ್ಮನವಿ ಹೋಗಬಹುದೆಂದು ಸುಪ್ರೀಂ ಕೋರ್ಟಿನ ವೆಂಕಟಸುಬ್ಬಯ್ಯ ನಾಯ್ಡು ಪ್ರಕರಣದಲ್ಲಿ 2000ದಲ್ಲೇ ತೀರ್ಮಾನವಾಗಿದೆ.