ಡ್ಯಾಂಪ್: ಗಣಿಯೊಳಗೆ ಇದು ತೇವದ ಹೆಸರಲ್ಲ

ಕಲ್ಲಿದ್ದಲು ಗಣಿಯ ಅಪಘಾತಗಳ ಬಗ್ಗೆ ಓದುವಾಗ ಫೈರ್‌ಡ್ಯಾಂಪ್, ಬ್ಲ್ಯಾಕ್‌ಡ್ಯಾಂಪ್, ಆಫ್ಟರ್‌ಡ್ಯಾಂಪ್ ಅನ್ನುವ ಪದಗಳು ಸಿಗುತ್ತವೆ. ನಿಘಂಟು ತೆಗೆದು ನೋಡಿದರೆ ಡ್ಯಾಂಪ್ ಅಂದರೆ ತೇವ, ಒದ್ದೆ, ಥಂಡಿ. ಹಾಗಾದರೆ ಫೈರ್‌ಡ್ಯಾಂಪ್ ಅಂದರೆ ಬೆಂಕಿಯ ತೇವವೇ? ತಲೆಬುಡ ಗೊತ್ತಾಗುವುದಿಲ್ಲ, ಅಲ್ವಾ?

ಗಣಿಯ ಡ್ಯಾಂಪ್‌ಗೂ ನೀರಿಗೂ ಸಂಬಂಧ ಇಲ್ಲ. ಇದು ಜರ್ಮನ್ ಭಾಷೆಯ ‘ಡಾಂಪ್ಫ್’ ಪದದ ನೆಂಟ. ಅಲ್ಲಿ ಅದಕ್ಕೆ ಆವಿ, ಹಬೆ ಅನ್ನುವ ಅರ್ಥ. ಇಂಗ್ಲಿಷಿನಲ್ಲೂ ಮೊದಲು ಇದ್ದದ್ದು ವಿಷದ ಆವಿ ಅನ್ನುವ ಅರ್ಥವೇ. ತೇವ ಅನ್ನುವ ಅರ್ಥ ಆಮೇಲೆ ಸೇರಿಕೊಂಡಿತು. ನೆಲದ ಮೇಲಿನ ಜನ ಹಳೆಯ ಅರ್ಥ ಮರೆತರು, ಗಣಿಯವರು ಉಳಿಸಿಕೊಂಡರು. ಕನ್ನಡದಲ್ಲಿ ಹೇಳುವುದಾದರೆ ‘ಕೆಟ್ಟ ಗಾಳಿ’ ಅನ್ನುವುದು ಇದಕ್ಕೆ ಹತ್ತಿರದ ಮಾತು.

ಈ ಹೆಸರುಗಳು ಹುಟ್ಟಿದ ಕಾಲದಲ್ಲಿ ಮೀಥೇನ್, ಕಾರ್ಬನ್ ಮಾನಾಕ್ಸೈಡ್ ಅನ್ನುವ ಪದಗಳೇ ಇರಲಿಲ್ಲ. ಗಣಿಯವರಿಗೆ ಗೊತ್ತಿದ್ದದ್ದು ಆ ಗಾಳಿ ಮಾಡುವ ಕೆಲಸ ಮಾತ್ರ. ಒಂದು ಹೊತ್ತಿಕೊಳ್ಳುತ್ತದೆ. ಒಂದು ದೀಪ ಆರಿಸುತ್ತದೆ. ಒಂದು ನಾರುತ್ತದೆ. ಕಣ್ಣಿಗೆ ಕಾಣದ್ದಕ್ಕೆ ಹೆಸರಿಡುವಾಗ ಅದು ದೀಪಕ್ಕೆ ಏನು ಮಾಡಿತು, ಮನುಷ್ಯನಿಗೆ ಏನು ಮಾಡಿತು ಅನ್ನುವುದನ್ನೇ ನೋಡಿ ಹೆಸರಿಟ್ಟರು. ಹಾಗಾಗಿ ಈ ಪದಗಳನ್ನು ಬರೀ ಪದಗಳಾಗಿ ಓದಲು ನನಗೆ ಆಗುವುದಿಲ್ಲ. ಒಂದೊಂದರಲ್ಲೂ ಒಂದು ಎಚ್ಚರಿಕೆ ಇದೆ. ಆ ಎಚ್ಚರಿಕೆ ಗೊತ್ತಾಗಲು ಯಾರದೋ ಜೀವ ಹೋಗಿದೆ.

ಮೊದಲನೆಯದು ಫೈರ್‌ಡ್ಯಾಂಪ್, ಅಂದರೆ ಹೊತ್ತಿಕೊಳ್ಳುವ ಗಾಳಿ. ಇದರಲ್ಲಿ ಬಹುಪಾಲು ಮೀಥೇನ್. ಕೋಟ್ಯಂತರ ವರ್ಷಗಳ ಹಿಂದೆ ಗಿಡಮರಗಳು ಮಣ್ಣಡಿ ಸೇರಿ ಕಲ್ಲಿದ್ದಲಾಗುವಾಗಲೇ ಈ ಗ್ಯಾಸ್ ಹುಟ್ಟುತ್ತದೆ. ಕಲ್ಲಿದ್ದಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಒತ್ತಡಕ್ಕೆ ಸಿಕ್ಕಿ ಕೂತಿರುತ್ತದೆ. ಕಲ್ಲಿದ್ದಲನ್ನು ಕಡಿದಾಗ ಒತ್ತಡ ಸಡಿಲವಾಗಿ ಹೊರಗೆ ಬರುತ್ತದೆ. ಭಾರತದ ನಿಯಮಗಳು ಗಣಿಯ ಪದರಗಳನ್ನು ಗ್ಯಾಸಿನ ಲೆಕ್ಕದಲ್ಲಿ 3 ದರ್ಜೆ ಮಾಡಿವೆ. ಒಂದು ಟನ್ ಕಲ್ಲಿದ್ದಲು ತೆಗೆದಾಗ 10 ಘನ ಮೀಟರ್‌ಗಿಂತ ಜಾಸ್ತಿ ಗ್ಯಾಸ್ ಬಂದರೆ ಅದು 3ನೇ ದರ್ಜೆ. ಅಂದರೆ ತೆಗೆದ ಕಲ್ಲಿದ್ದಲಿಗಿಂತ ಜೊತೆಗೆ ಬಂದ ಗ್ಯಾಸೇ ಎಷ್ಟೋ ಪಾಲು ಹೆಚ್ಚು ಜಾಗ ಹಿಡಿಯುತ್ತದೆ.

ಮೀಥೇನ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಹಗುರ. ಹಾಗಾಗಿ ಅದು ಮೇಲಕ್ಕೇರಿ ಸುರಂಗದ ಚಾವಣಿಗೆ ಅಂಟಿಕೊಂಡ ಹಾಗೆ ತೆಳ್ಳಗೆ ಹರಡಿಕೊಳ್ಳುತ್ತದೆ. ಕೆಳಗೆ ನಿಂತವನ ಮೂಗಿನ ಹತ್ತಿರ ಗಾಳಿ ಚೆನ್ನಾಗಿಯೇ ಇರುತ್ತದೆ. ತಲೆಯ ಮೇಲೆ ಒಂದು ಮೊಳ ದೂರದಲ್ಲಿ ಸ್ಫೋಟಕ್ಕೆ ಬೇಕಾದ ಮಿಶ್ರಣ ತಯಾರಾಗಿರುತ್ತದೆ.

ಆ ಮಿಶ್ರಣದ ಲೆಕ್ಕ ಹೀಗಿದೆ: ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರೊಳಗೆ ಇದ್ದರೆ ಕಿಡಿ ತಾಗಿದಾಗ ಸಿಡಿಯುತ್ತದೆ. ಶೇಕಡಾ 9.5ರ ಆಸುಪಾಸಿನಲ್ಲಿ ಸ್ಫೋಟದ ಹೊಡೆತ ಅತಿ ಜೋರು. ಶೇಕಡಾ 15 ದಾಟಿದರೆ ಸಿಡಿಯುವುದಿಲ್ಲ. ಹಾಗಂತ ಅಪಾಯ ಮುಗಿಯಿತು ಅಂದುಕೊಂಡರೆ ಕೆಟ್ಟೆವು. ಆ ಜಾಗಕ್ಕೆ ಒಳ್ಳೆ ಗಾಳಿ ಬಿಟ್ಟು ಗ್ಯಾಸನ್ನು ತೆಳು ಮಾಡುತ್ತಾ ಹೋದಾಗ ಅದು 20ರಿಂದ ಸೊನ್ನೆಗೆ ಇಳಿಯುವ ದಾರಿಯಲ್ಲಿ 15ರಿಂದ 5ರ ನಡುವಿನ ಗಂಡಾಂತರವನ್ನು ಹಾದುಹೋಗಲೇಬೇಕು. ಗಣಿಯಲ್ಲಿ ಗ್ಯಾಸ್ ಹೊರಹಾಕುವ ಕೆಲಸಕ್ಕೆ ಅಷ್ಟೊಂದು ತಯಾರಿ ಬೇಕಾಗುವುದು ಇದಕ್ಕೇ. ಅದಕ್ಕೆ ಮೊದಲು ಜನರನ್ನು ಹೊರಗೆ ಕಳಿಸುತ್ತಾರೆ, ಕರೆಂಟ್ ತೆಗೆಯುತ್ತಾರೆ.

ದೀಪಕ್ಕೆ ಬೆಂಕಿಯೇ ಗತಿ ಆಗಿದ್ದ ಕಾಲದಲ್ಲಿ ಈ ಗ್ಯಾಸನ್ನು ಹೇಗೆ ತೆಗೆಯುತ್ತಿದ್ದರು ಗೊತ್ತಾ? ಒಬ್ಬ ಮನುಷ್ಯ ನೀರಲ್ಲಿ ಅದ್ದಿದ ದಪ್ಪ ಬಟ್ಟೆ ಸುತ್ತಿಕೊಂಡು, ಉದ್ದ ಕೋಲಿನ ತುದಿಗೆ ಉರಿಯುವ ಮೇಣದ ಬತ್ತಿ ಕಟ್ಟಿಕೊಂಡು, ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುತ್ತಾ ಒಳಗೆ ಹೋಗುತ್ತಿದ್ದ. ಬೇರೆ ಯಾರೂ ಇನ್ನೂ ಇಳಿದಿರುತ್ತಿರಲಿಲ್ಲ. ಗ್ಯಾಸಿನ ಜಾಗ ಹತ್ತಿರ ಬಂದಾಗ ಮುಖ ನೆಲಕ್ಕಿಟ್ಟು ಕೋಲನ್ನು ಚಾವಣಿಗೆ ಎತ್ತುತ್ತಿದ್ದ. ಬೆಂಕಿ ಅವನ ಬೆನ್ನಿನ ಮೇಲೆ ಹಾದುಹೋಗುತ್ತಿತ್ತು. ಗ್ಯಾಸ್ ಎಣಿಸಿದ್ದಕ್ಕಿಂತ ಜಾಸ್ತಿ ಇದ್ದ ದಿನ ಅವನು ವಾಪಸ್ ಬರುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಅವನನ್ನು ‘ಪೆನಿತಾಂ’ ಅನ್ನುತ್ತಿದ್ದರು, ಅಂದರೆ ಪ್ರಾಯಶ್ಚಿತ್ತ ಮಾಡಿಕೊಳ್ಳುವವನು. ಮೈಮೇಲಿನ ಮುಸುಕು ಸನ್ಯಾಸಿಯ ಹಾಗೆ ಕಾಣುತ್ತಿತ್ತು ಅಂತ. ಯಾವ ತಪ್ಪೂ ಮಾಡದೆ ಕೂಲಿಗಾಗಿ ಬಂದವನಿಗೆ ಆ ಹೆಸರು ಅಂಟಿದ್ದು ನನಗೆ ಓದಿದಾಗಲೆಲ್ಲ ಸಂಕಟವಾಗುತ್ತದೆ.

1812ರ ಮೇ 25ರಂದು ಇಂಗ್ಲೆಂಡಿನ ಫೆಲಿಂಗ್ ಗಣಿಯಲ್ಲಿ ಫೈರ್‌ಡ್ಯಾಂಪ್ ಸಿಡಿದು 92 ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಆಮೇಲೆ ಎದ್ದ ಕೂಗಿನಿಂದಲೇ 1815ರಲ್ಲಿ ಹಂಫ್ರಿ ಡೇವಿಯ ಸುರಕ್ಷಾ ದೀಪ ಬಂತು. ಅದೇ ಹೊತ್ತಿಗೆ ಜಾರ್ಜ್ ಸ್ಟೀವನ್‌ಸನ್ ಮತ್ತು ವಿಲಿಯಂ ಕ್ಲಾನಿ ಕೂಡ ತಮ್ಮದೇ ದೀಪಗಳನ್ನು ಮಾಡಿದ್ದರು. ಡೇವಿಯ ಉಪಾಯ ಸರಳ. ಜ್ವಾಲೆಯ ಸುತ್ತ ಲೋಹದ ಸಣ್ಣ ಜಾಲರಿ. ಗ್ಯಾಸ್ ಜಾಲರಿಯೊಳಗೆ ಬಂದು ಉರಿಯಬಹುದು, ಆದರೆ ಲೋಹ ಶಾಖವನ್ನು ಹೀರಿಕೊಳ್ಳುವುದರಿಂದ ಬೆಂಕಿ ಹೊರಗೆ ದಾಟುವುದಿಲ್ಲ. ಇನ್ನೊಂದು ಉಪಕಾರವೂ ಆಯಿತು. ಗಾಳಿಯಲ್ಲಿ ಮೀಥೇನ್ ಇದ್ದರೆ ದೀಪದ ಜ್ವಾಲೆಯ ಮೇಲೆ ತಿಳಿ ನೀಲಿ ಟೋಪಿಯಂಥದ್ದೊಂದು ಕಾಣುತ್ತದೆ. ಬತ್ತಿಯನ್ನು ಸಣ್ಣದು ಮಾಡಿ, ದೀಪವನ್ನು ನಿಧಾನಕ್ಕೆ ಚಾವಣಿಯ ಕಡೆ ಎತ್ತಿ, ಆ ನೀಲಿ ಟೋಪಿ ಎಷ್ಟು ಎತ್ತರ ಇದೆ ಅಂತ ನೋಡಿಯೇ ಗ್ಯಾಸ್ ಶೇಕಡಾ ಎಷ್ಟು ಅಂತ ಹೇಳುವವರಿದ್ದರು.

ದೀಪ ಬಂದ ಕೂಡಲೇ ಸ್ಫೋಟಗಳು ನಿಂತವು ಅಂತ ಮಾತ್ರ ಅಂದುಕೊಳ್ಳಬೇಡಿ. ದೀಪ ಇದೆ ಅನ್ನುವ ಧೈರ್ಯಕ್ಕೆ ಮೊದಲು ಕೈಬಿಟ್ಟಿದ್ದ, ಗ್ಯಾಸ್ ತುಂಬಿದ ಆಳದ ಪದರಗಳಿಗೆ ಮಾಲೀಕರು ಜನರನ್ನು ಇಳಿಸಿದರು. ಜಾಲರಿ ಒಂದು ಕಡೆ ಹರಿದಿದ್ದರೆ, ಅಥವಾ ಗಾಳಿ ಜೋರಾಗಿ ಬೀಸಿದರೆ, ಬೆಂಕಿ ಹೊರಬರುತ್ತಿತ್ತು. ಸಾವು ಮುಂದುವರಿಯಿತು.

ಬ್ಲ್ಯಾಕ್‌ಡ್ಯಾಂಪ್‌ನ ಸ್ವಭಾವ ಪೂರ್ತಿ ಉಲ್ಟಾ. ಇದು ಸಿಡಿಯುವುದಿಲ್ಲ, ಸದ್ದು ಮಾಡುವುದಿಲ್ಲ. ಆಮ್ಲಜನಕ ಕಳೆದುಕೊಂಡ ಗಾಳಿ ಇದು. ಉಳಿದಿರುವುದು ನೈಟ್ರೋಜನ್, ಜೊತೆಗೆ ಕಾರ್ಬನ್ ಡೈಆಕ್ಸೈಡ್. ಹೊಸದಾಗಿ ತೆರೆದುಕೊಂಡ ಕಲ್ಲಿದ್ದಲು ಸುಮ್ನೆ ಬಿದ್ದಿರುವುದಿಲ್ಲ, ಗಾಳಿಯಲ್ಲಿರುವ ಆಮ್ಲಜನಕವನ್ನು ಮೆಲ್ಲಗೆ ಹೀರುತ್ತಿರುತ್ತದೆ. ಆಧಾರಕ್ಕೆ ಕೊಟ್ಟ ಮರದ ಕಂಬಗಳು ಕೊಳೆಯುವಾಗಲೂ ಅದೇ. ಗಾಳಿ ಓಡಾಡದ ಹಳೆಯ ಸುರಂಗಗಳಲ್ಲಿ, ಕಲ್ಲಿದ್ದಲು ತೆಗೆದು ಬಿಟ್ಟ ಜಾಗದಲ್ಲಿ ಇದು ತುಂಬಿಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದರೆ ಗಾಳಿಗಿಂತ ಭಾರವಾಗಿ ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ನಿಂತವನಿಗೆ ಏನೂ ಆಗುವುದಿಲ್ಲ. ಬಿದ್ದ ಸುತ್ತಿಗೆ ಎತ್ತಲು ಬಗ್ಗಿದವನು ಹಾಗೇ ಮಂಡಿಯೂರುತ್ತಾನೆ. ಏನಾಯ್ತು ಅಂತ ಜೊತೆಗಾರ ಬಗ್ಗುತ್ತಾನೆ. ಅವನೂ ಏಳುವುದಿಲ್ಲ. ಹಳೆಯ ಬಾವಿಗಳಲ್ಲಿ, ಮ್ಯಾನ್‌ಹೋಲ್‌ಗಳಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿದು ಸಾಯುತ್ತಾರಲ್ಲ, ಅಲ್ಲೂ ಎಷ್ಟೋ ಸಲ ನಡೆಯುವುದು ಇದೇ.

ಒಳ್ಳೆ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9 ಇರುತ್ತದೆ. ಅದು 16, 17ಕ್ಕೆ ಇಳಿದರೆ ದೀಪ ಆರುತ್ತದೆ. ಮನುಷ್ಯ ಆಗಲೂ ಕಾಲ ಮೇಲೆ ನಿಂತಿರಬಲ್ಲ. ದೀಪ ಸಣ್ಣಗಾಗುವುದಕ್ಕೂ ತಾನು ಬೀಳುವುದಕ್ಕೂ ನಡುವಿನ ಆ ಸ್ವಲ್ಪ ಹೊತ್ತೇ ಹಿಂದೆ ತಿರುಗಿ ನಡೆಯಲು ಅವನಿಗೆ ಸಿಗುವ ಸಮಯ.

ಇಲ್ಲಿ ಒಂದು ಮಾತು ಸೇರಿಸಬೇಕು. ಮೇಲೆ ಹವಾಮಾನ ಕೆಟ್ಟು ವಾಯುಭಾರ ಕುಸಿದರೆ ಕೆಳಗೆ ಹಳೆಯ ಸುರಂಗಗಳಲ್ಲಿ ಕೂತಿದ್ದ ಡ್ಯಾಂಪ್ ಹಿಗ್ಗಿ ಕೆಲಸದ ಜಾಗಕ್ಕೆ ಹರಿದು ಬರುತ್ತದೆ. ಗಣಿಯ ಬಾಯಲ್ಲಿ ಬ್ಯಾರೋಮೀಟರ್ ಇಡುವುದು ಇದಕ್ಕೇ. ನೂರಾರು ಮೀಟರ್ ಆಳದಲ್ಲಿ ದುಡಿಯುವವನಿಗೂ ಮೋಡ ಕವಿದ ದಿನ ಅಪಾಯ ತರಬಹುದು.

ಸ್ಟಿಂಕ್‌ಡ್ಯಾಂಪ್ ಅಂದರೆ ನಾರುವ ಗಾಳಿ, ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ. ನಿಂತ ನೀರಿನಲ್ಲಿ ಕರಗಿಕೊಂಡಿದ್ದು, ಯಾರಾದರೂ ಕಾಲಿಟ್ಟು ಕದಡಿದಾಗ ಮೇಲೇಳುತ್ತದೆ. ವಾಸನೆ ಬಂದರೆ ಎಚ್ಚರಾಗಬಹುದು, ನಿಜ. ಆದರೆ ಪ್ರಮಾಣ ಹೆಚ್ಚಾದರೆ ಇದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿದ್ದು ಗ್ಯಾಸ್ ಹೋಯಿತು ಅನ್ನುವುದಕ್ಕೆ ಗುರುತಲ್ಲ.

ವೈಟ್‌ಡ್ಯಾಂಪ್ ಅಂದರೆ ಕಾರ್ಬನ್ ಮಾನಾಕ್ಸೈಡ್. ಗಣಿಯೊಳಗೆ ಕಲ್ಲಿದ್ದಲು ತಾನಾಗೇ ಬಿಸಿಯಾಗಿ ಹೊಗೆಯಾಡಿದರೂ ಇದು ಹುಟ್ಟುತ್ತದೆ, ಬೆಂಕಿ ಬಿದ್ದರೂ ಹುಟ್ಟುತ್ತದೆ. ಇದರ ತೂಕ ಗಾಳಿಯಷ್ಟೇ. ಹಾಗಾಗಿ ಮೇಲೂ ಇಲ್ಲ, ಕೆಳಗೂ ಇಲ್ಲ, ಎಲ್ಲ ಕಡೆ ಇರುತ್ತದೆ. ವಾಸನೆ ಇಲ್ಲ. ದೀಪವೂ ಎಂದಿನಂತೆ ಉರಿಯುತ್ತಿರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸುತ್ತ ಬೇಕಾದಷ್ಟು ಆಮ್ಲಜನಕ ಇದ್ದರೂ ಮೈಗೆ ಸಿಗುವುದಿಲ್ಲ. ತಲೆನೋವು, ಕಾಲು ಸೋತ ಹಾಗೆ, ಸ್ವಲ್ಪ ಕೂತು ಸುಧಾರಿಸಿಕೊಳ್ಳೋಣ ಅನ್ನಿಸುತ್ತದೆ. ಕೂತವರು ಕೂತಲ್ಲೇ ಹೋಗುತ್ತಾರೆ.

ಆಫ್ಟರ್‌ಡ್ಯಾಂಪ್ ಬೇರೆ ಗ್ಯಾಸಲ್ಲ. ಸ್ಫೋಟವಾದ ಮೇಲೆ ಸುರಂಗದಲ್ಲಿ ಉಳಿಯುವ ಗಾಳಿಗೆ ಆ ಹೆಸರು. ಆಮ್ಲಜನಕ ಸುಟ್ಟುಹೋಗಿರುತ್ತದೆ, ಕಾರ್ಬನ್ ಮಾನಾಕ್ಸೈಡ್ ತುಂಬಿರುತ್ತದೆ. ಗಣಿ ಸ್ಫೋಟ ಅಂದರೆ ಜನ ಸುಟ್ಟು ಸಾಯುತ್ತಾರೆ ಅಂತಲೇ ಎಲ್ಲರ ಕಲ್ಪನೆ. 1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಗಣಿ ಸ್ಫೋಟದಲ್ಲಿ 57 ಜನ ಸತ್ತಾಗ ಜಾನ್ ಸ್ಕಾಟ್ ಹಾಲ್ಡೇನ್ ಅನ್ನುವ ವಿಜ್ಞಾನಿ ಹೆಣಗಳನ್ನು ಪರೀಕ್ಷೆ ಮಾಡಿದರು. ಬಹುಪಾಲು ಜನರ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದು ಕಾರ್ಬನ್ ಮಾನಾಕ್ಸೈಡ್‌ನ ಗುರುತು. ಅವರನ್ನು ಕೊಂದದ್ದು ಬೆಂಕಿಯಲ್ಲ, ಬೆಂಕಿಯ ನಂತರ ಎಳೆದುಕೊಂಡ ಉಸಿರು. ಇಲಿ ಅಥವಾ ಸಣ್ಣ ಹಕ್ಕಿಗಳನ್ನು ಜೊತೆಗೆ ಒಯ್ಯಿರಿ ಅಂತ ಹೇಳಿದ್ದು ಹಾಲ್ಡೇನ್ ಅವರೇ. ಕ್ಯಾನರಿ ಹಕ್ಕಿ ಬೇಗ ಬೇಗ ಉಸಿರಾಡುತ್ತದೆ, ಮನುಷ್ಯನಿಗಿಂತ ಎಷ್ಟೋ ಮೊದಲೇ ಕಡ್ಡಿಯಿಂದ ಉರುಳುತ್ತದೆ. ಹಕ್ಕಿಗೆ ಮತ್ತೆ ಜೀವ ಬರಿಸಲು ಆಮ್ಲಜನಕದ ಸಣ್ಣ ಸಿಲಿಂಡರ್ ಇದ್ದ ಪಂಜರಗಳೂ ಇದ್ದವು. ಬ್ರಿಟನ್ನಿನ ಗಣಿಗಳು ಕ್ಯಾನರಿಗಳನ್ನು ಬಿಡುವುದಾಗಿ ಹೇಳಿದ್ದು 1986ರಲ್ಲಿ.

ಚಾವಣಿ ಕುಸಿತ, ಯಂತ್ರಕ್ಕೆ ಸಿಕ್ಕುವುದು, ಕಲ್ಲಿದ್ದಲು ಸಾಗಿಸುವ ಟಬ್ ಗುದ್ದುವುದು ಗಣಿಯವರನ್ನು ಒಬ್ಬಿಬ್ಬರಂತೆ ವರ್ಷವಿಡೀ ಕೊಲ್ಲುತ್ತವೆ, ಕೈಕಾಲು ಮುರಿಯುತ್ತವೆ. ಆ ಸಾವುಗಳು ಸುದ್ದಿಯಾಗುವುದೂ ಕಡಿಮೆ. ಆಫ್ಟರ್‌ಡ್ಯಾಂಪ್ ಮಾತ್ರ ಒಂದು ಇಡೀ ಪಾಳಿಯನ್ನು ಒಟ್ಟಿಗೆ ಒಯ್ಯುತ್ತದೆ. 1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್‌ನಲ್ಲಿ ಕಲ್ಲಿದ್ದಲಿನ ಧೂಳು ಹೊತ್ತಿಕೊಂಡು 1,099 ಜನ ಸತ್ತರು. 1942ರ ಏಪ್ರಿಲ್ 26ರಂದು ಜಪಾನಿನ ಹಿಡಿತದಲ್ಲಿದ್ದ ಚೀನಾದ ಬೆನ್‌ಶಿಹು ಗಣಿಯಲ್ಲಿ 1,549 ಜನ. ಅಲ್ಲಿ ಬೆಂಕಿ ಆರಿಸಲು ಗಾಳಿಯ ದಾರಿ ಮುಚ್ಚಿಸಿದ್ದರು. ಒಳಗಿದ್ದವರಲ್ಲಿ ಹೆಚ್ಚಿನವರು ಸತ್ತದ್ದು ಕಾರ್ಬನ್ ಮಾನಾಕ್ಸೈಡ್‌ನಿಂದ. ಹಳೆಯ ಕತೆ ಅಂದುಕೊಳ್ಳಬೇಡಿ, ಟರ್ಕಿಯ ಸೋಮಾದಲ್ಲಿ 301 ಜನ ಹೆಚ್ಚಾಗಿ ಇದೇ ಗ್ಯಾಸಿಗೆ ಬಲಿಯಾದದ್ದು 2014ರ ಮೇ 13ರಂದು.

ಇವತ್ತು ಗಣಿಗೆ ಇಳಿಯುವವರ ಸೊಂಟದಲ್ಲಿ ಸೆಲ್ಫ್ ರೆಸ್ಕ್ಯೂವರ್ ಅನ್ನುವ ಡಬ್ಬಿ ಇರುತ್ತದೆ. ಅದರಲ್ಲಿ ಒಂದು ಬಗೆ, ಫಿಲ್ಟರ್ ಇರುವಂಥದ್ದು, ಕಾರ್ಬನ್ ಮಾನಾಕ್ಸೈಡ್ ಅನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಹಾಗೆ ಮಾಡುವಾಗ ಬಿಸಿಯಾಗುತ್ತದೆ. ಸುತ್ತ ವಿಷ ಎಷ್ಟು ಜಾಸ್ತಿಯೋ ಒಳಗೆ ಎಳೆಯುವ ಉಸಿರು ಅಷ್ಟು ಬಿಸಿ. ಬಾಯಿ, ಗಂಟಲು ಸುಡುವಂತಾಗಿ ಕಿತ್ತೆಸೆಯೋಣ ಅನ್ನಿಸುತ್ತದೆ. ತರಬೇತಿಯಲ್ಲಿ ಮತ್ತೆ ಮತ್ತೆ ಹೇಳುವುದು ಇದನ್ನೇ: ಬಿಸಿಯಾಗುತ್ತಿದೆ ಅಂದರೆ ಅದು ಕೆಲಸ ಮಾಡುತ್ತಿದೆ, ತೆಗೆಯಬೇಡ, ಮಾತಾಡಲೂ ಬಾಯಿ ಬಿಡಬೇಡ, ನಡಿ.

ಎದೆಗೆ ಸಿಕ್ಕಿಸಿಕೊಳ್ಳುವ ಇನ್ನೊಂದು ಸಣ್ಣ ಯಂತ್ರ ಗ್ಯಾಸ್ ಡಿಟೆಕ್ಟರ್. ಅದರ ಪರದೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. ಮೀಥೇನ್, ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್. ಫೈರ್, ಬ್ಲ್ಯಾಕ್, ಸ್ಟಿಂಕ್, ವೈಟ್: ಅದೇ ನಾಲ್ಕು ಡ್ಯಾಂಪ್‌ಗಳು ಹೊಸ ಹೆಸರಲ್ಲಿ. ಹೊಸ ಜಾಗಕ್ಕೆ ಕಾಲಿಡುವ ಮೊದಲು ಆ ಯಂತ್ರವನ್ನು ಚಾವಣಿಯ ಹತ್ತಿರ ಎತ್ತಿ ಹಿಡಿಯುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೆ ಎದೆಯ ಮಟ್ಟಕ್ಕೆ ತರುತ್ತಾರೆ. ಕೊನೆಗೆ ಕೈ ಚಾಚಿ, ತಾವು ಬಗ್ಗದೆ, ಅದನ್ನು ನೆಲದ ಹತ್ತಿರ ಇಳಿಸಿ ನೋಡುತ್ತಾರೆ.