ರೇಡಿಯೋ ಪಕ್ಕ ಫೋನ್ ಇಟ್ಟರೆ ಟಕಟಕ ಸದ್ದು ಯಾಕೆ ಬರುತ್ತಿತ್ತು?

ಹಳೇ ಕೀಪ್ಯಾಡ್ ಫೋನನ್ನು ರೇಡಿಯೋ ಪಕ್ಕ ಇಟ್ಟಿದ್ದು ನೆನಪಿದೆಯಾ? ರಿಂಗ್ ಆಗೋ ಮುಂಚೆಯೇ ರೇಡಿಯೋದಲ್ಲಿ ಟಕಟಕ ಟಕಟಕ, ಬುರ್‌ರ್ ಅಂತ ಸದ್ದು. ವಾರ್ತೆ ಮಧ್ಯೆ ಅದು ಕೇಳಿದರೆ ಅಮ್ಮ ಅಡುಗೆಮನೆಯಿಂದಲೇ "ಯಾರೋ ಫೋನ್ ಮಾಡ್ತಿದಾರೆ ನೋಡು" ಅನ್ನುತ್ತಿದ್ದರು. ಇರುವ ಸ್ವಲ್ಪ ತರಂಗಾಂತರವನ್ನು, ಅಂದರೆ ಮಾತು ಹೊತ್ತೊಯ್ಯೋ ರೇಡಿಯೋ ಅಲೆಗಳ ಜಾಗವನ್ನು, ಇಷ್ಟು ಜನ ಹೇಗೆ ಹಂಚಿಕೊಂಡೆವು ಅನ್ನೋದಕ್ಕೆ ಆ ಸದ್ದೇ ಸಾಕ್ಷಿ.

1946ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕಾರಿನೊಳಗೆ ಫೋನ್ ಬಂತು. ಊರಿಗೆಲ್ಲ ಎತ್ತರದ ಒಂದು ಆಂಟೆನಾ, ಬೆರಳೆಣಿಕೆಯ ಚಾನೆಲ್ (ಆ ತರಂಗಾಂತರದ ಒಂದೊಂದು ಪಾಲು). ಒಬ್ಬರು ಚಾನೆಲ್ ಹಿಡಿದು ಮಾತಿಗೆ ಕೂತರೆ, ಅವರು ಮುಗಿಸೋವರೆಗೂ ಊರಿನ ಯಾವ ಮೂಲೆಯಲ್ಲೂ ಅದು ಇನ್ನೊಬ್ಬರಿಗಿಲ್ಲ. ಮೂವತ್ತು ವರ್ಷ ಕಳೆದು 1976 ಬಂದರೂ ನ್ಯೂಯಾರ್ಕ್‌ನಂಥ ನ್ಯೂಯಾರ್ಕ್‌ನಲ್ಲಿ ಬೆಲ್ ಅನ್ನೋ ಟೆಲಿಫೋನ್ ಕಂಪನಿಯ ಮೊಬೈಲ್ ಇದ್ದವರು 545 ಮಂದಿ. ಕಾಯುತ್ತಿದ್ದವರು 3,700!

ಪರಿಹಾರ ಮಾತ್ರ 1947ರಲ್ಲೇ ಕಾಗದದ ಮೇಲಿತ್ತು. ಅದೇ ಕಂಪನಿಯ ಸಂಶೋಧನಾ ಕೇಂದ್ರ ಬೆಲ್ ಲ್ಯಾಬ್ಸ್‌ನ ಡಗ್ಲಾಸ್ ರಿಂಗ್ ಬರೆದ ಟಿಪ್ಪಣಿ ಅದು. ಊರನ್ನು ಜೇನುಗೂಡಿನ ಹಾಗೆ ಕೋಣೆ ಕೋಣೆ ಮಾಡಿ, ಒಂದೊಂದಕ್ಕೂ ಕಡಿಮೆ ಶಕ್ತಿಯ ಸಣ್ಣ ಟವರ್. ಸಿಗ್ನಲ್ ದೂರ ಹೋಗಬಾರದು, ಅದೇ ಇಲ್ಲಿನ ಗುಟ್ಟು. ಪಕ್ಕದ ಕೋಣೆಗೆ ಬೇರೆ ಚಾನೆಲ್, ಸ್ವಲ್ಪ ದೂರದ ಕೋಣೆಗೆ ಮೊದಲಿನ ಚಾನೆಲ್ಲೇ ಮತ್ತೆ. ಒಂದೇ ಹೆಸರಿನ ಇಬ್ಬರು ಒಂದೇ ಮನೆಯಲ್ಲಿದ್ದರೆ ತಾನೇ ಕರೆದಾಗ ಇಬ್ಬರೂ ಓಡಿ ಬರೋದು? ಬೇರೆ ಬೇರೆ ಊರಲ್ಲಿದ್ದರೆ ಏನೂ ತೊಂದರೆ ಇಲ್ಲ. ಆದರೆ ಕಾರು ಒಂದು ಕೋಣೆ ದಾಟಿ ಇನ್ನೊಂದಕ್ಕೆ ಹೋದಾಗ ಮಾತು ಕಡಿಯದಂತೆ ನೋಡಿಕೊಳ್ಳೋಕೆ ಕಂಪ್ಯೂಟರ್ ಬೇಕಿತ್ತು. ಹಾಗಾಗಿ ಟೋಕಿಯೋದಲ್ಲಿ 1979, ಶಿಕಾಗೋದಲ್ಲಿ 1983ರವರೆಗೆ ಕಾಯಬೇಕಾಯಿತು.

ಜಾಗ ಹಂಚಿದ್ದಾಯಿತು, ಆಮೇಲೆ ಸಮಯವನ್ನೂ ಹಂಚಿದರು. 1991ರಲ್ಲಿ ಫಿನ್‌ಲ್ಯಾಂಡ್‌ನಲ್ಲಿ ಶುರುವಾದ ಜಿಎಸ್‌ಎಂ ಅನ್ನೋ ಡಿಜಿಟಲ್ ಮೊಬೈಲ್ ವ್ಯವಸ್ಥೆಯಲ್ಲಿ 200 ಕಿಲೋಹರ್ಟ್ಸ್‌ನ ಒಂದು ಚಾನೆಲ್‌ಗೆ ಎಂಟು ಸರದಿ. ಒಂದು ಸರದಿ ಅಂದರೆ 577 ಮೈಕ್ರೋಸೆಕೆಂಡ್, ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕಡಿಮೆ. ಅಷ್ಟರಲ್ಲಿ ನಿಮ್ಮ ಫೋನು ಮಾತಿನ ಒಂದು ತುಣುಕು ಕಳಿಸಿ ಸುಮ್ಮನಾಗುತ್ತದೆ, ಉಳಿದ ಏಳು ಜನರ ಸರದಿ ಮುಗಿದ ಮೇಲೆ ಮತ್ತೆ ಬಾಯಿ ತೆರೆಯುತ್ತದೆ. ಸೆಕೆಂಡಿಗೆ ಸುಮಾರು 217 ಸಲ ಹೀಗೆ. ಆ ಬಡಿತ ಪಕ್ಕದ ರೇಡಿಯೋದ ತಂತಿಗಳಿಗೆ ತಾಗಿ ಬುರ್‌ರ್ ಅನ್ನುತ್ತಿತ್ತು. 1995ರ ಜುಲೈ 31ರಂದು ಕೋಲ್ಕತ್ತಾದಿಂದ ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಂ ಜೊತೆ ದೇಶದ ಮೊದಲ ಮೊಬೈಲ್ ಕರೆಯಲ್ಲಿ ಮಾತಾಡಿದ್ದೂ ಈ ಜಿಎಸ್‌ಎಂನಲ್ಲೇ.

ಸಿಡಿಎಂಎ ಅನ್ನೋ ಇನ್ನೊಂದು ವಿಧಾನ ಬಂದಾಗ ಸರದಿಯೂ ಇಲ್ಲ. ಎಲ್ಲರೂ ಒಂದೇ ಚಾನೆಲ್‌ನಲ್ಲಿ ಒಟ್ಟಿಗೇ ಮಾತಾಡೋದು, ಗುರುತಿಗೆ ಒಬ್ಬೊಬ್ಬರಿಗೂ ಒಂದೊಂದು ಕೋಡ್. ಟವರ್ ಹತ್ತಿರದ ಫೋನು ಜೋರು ಮಾಡಿದರೆ ದೂರದ್ದು ಕೇಳಿಸೋದೇ ಇಲ್ಲ, ಅದಕ್ಕೇ ಟವರ್ ಸೆಕೆಂಡಿಗೆ 800 ಸಲ ಪ್ರತಿ ಫೋನಿಗೂ "ದನಿ ಏರಿಸು, ಇಳಿಸು" ಅನ್ನುತ್ತಿತ್ತು. 4ಜಿಯಲ್ಲಿ ತರಂಗಾಂತರವನ್ನು 180 ಕಿಲೋಹರ್ಟ್ಸ್‌ನ ತುಂಡುಗಳನ್ನಾಗಿ ಕತ್ತರಿಸಿ, ಯಾರಿಗೆ ಎಷ್ಟು ಅಂತ ಪ್ರತಿ ಮಿಲಿಸೆಕೆಂಡಿಗೂ ಹೊಸದಾಗಿ ಹಂಚುತ್ತಾರೆ.

ಇಷ್ಟೆಲ್ಲ ಜಾಣತನದಲ್ಲಿ ಜಾಸ್ತಿ ಫಲ ಕೊಟ್ಟದ್ದು ಯಾವುದು? 1973ರಲ್ಲಿ ಕೈಯಲ್ಲಿ ಹಿಡಿಯೋ ಫೋನಿನಿಂದ ಮೊದಲ ಕರೆ ಮಾಡಿದ ಮಾರ್ಟಿನ್ ಕೂಪರ್ ಒಂದು ಲೆಕ್ಕ ಕೊಟ್ಟಿದ್ದಾರೆ. 1950ರ ದಶಕದಿಂದೀಚೆಗೆ, ಒಟ್ಟಿಗೆ ಎಷ್ಟು ಕರೆ ಸಾಗಬಲ್ಲವು ಅನ್ನೋ ಸಾಮರ್ಥ್ಯ ಹತ್ತು ಲಕ್ಷ ಪಟ್ಟು ಹೆಚ್ಚಿದೆ. ಅದರಲ್ಲಿ ಹೊಸ ತರಂಗಾಂತರದಿಂದ ಬಂದದ್ದು 25 ಪಟ್ಟು, ಕೋಣೆ ಚಿಕ್ಕದು ಮಾಡಿದ್ದರಿಂದ 1,600 ಪಟ್ಟು! ನಾವು ಮಾತ್ರ 4ಜಿ, 5ಜಿ ಅಂತ ಲೆಕ್ಕ ಹಾಕುತ್ತಾ, ನಮ್ಮ ಬೀದಿಗೆ ಟವರ್ ಬೇಡ ಅಂತ ಅರ್ಜಿ ಕೊಡುತ್ತೇವೆ. ಟವರ್ ಹತ್ತಿರ ಇದ್ದಷ್ಟೂ ಕಿವಿ ಪಕ್ಕದ ಫೋನು ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತದೆ, ಇದು ಜನಕ್ಕೆ ಗೊತ್ತಾಗಬೇಕು.

ಜಾತ್ರೆಯಲ್ಲಿ ಕಡ್ಡಿ ಪೂರ್ತಿ ಇದ್ದರೂ ಕಾಲ್ ಹೋಗಲ್ಲ, ಅಲ್ವಾ? ಕಡ್ಡಿ ತೋರಿಸೋದು ಸಿಗ್ನಲ್ ಎಷ್ಟು ಗಟ್ಟಿ ಇದೆ ಅಂತ, ಸರದಿ ಖಾಲಿ ಇದೆಯಾ ಅಂತ ಅಲ್ಲ. ಕುಂಭಮೇಳದಂಥ ಕಡೆ ಗಾಡಿ ಮೇಲೆ ಟವರ್ ತಂದು ನಿಲ್ಲಿಸೋದು ಇದಕ್ಕೇ. ಒಂದು ದೊಡ್ಡ ಕೋಣೆಯನ್ನು ಆ ಕೆಲವು ದಿನಕ್ಕೆ ನಾಲ್ಕೈದು ಚಿಕ್ಕ ಕೋಣೆ ಮಾಡುತ್ತಾರೆ.